ಔಷಧದ ಶೇಷವನ್ನು ತೂಗುವ ತುಂತುರು

ದ್ರಾಕ್ಷಿಗೆ ಸಿಂಪಡಿಸಿದ ಕೀಟನಾಶಕವು ಹಣ್ಣಿನಲ್ಲಿ ಎಷ್ಟು ಉಳಿದಿದೆಯೆಂಬುದನ್ನು ಪ್ರಯೋಗಶಾಲೆಯವರು ಅಣುಗಳ ತೂಕವನ್ನು ಅಳೆಯುವ ಯಂತ್ರದಿಂದ ಕಂಡುಹಿಡಿಯುತ್ತಾರೆ. ಪರದೇಶಕ್ಕೆ ಹೊರಟ ಸರಕು ಹಡಗನ್ನೇರುವುದೂ ತಿರಸ್ಕೃತವಾಗುವುದೂ ಅನೇಕ ವೇಳೆ ಈ ಲೆಕ್ಕವನ್ನೇ ಅವಲಂಬಿಸಿರುವುದರಿಂದ, ಅದರ ಕ್ರಮವನ್ನು ಗ್ರಾಮಮುಖಂಡರೂ ಭೂಮಾಲಿಕರೂ ಅರಿತಿರುವುದು ಯುಕ್ತವು.

ಹಣ್ಣಿನ ಸಾರವನ್ನು ನೀರು, ಮೆಥನಾಲ್ ಮತ್ತು ಕೆಂಜಿಗಗಳಲ್ಲಿರುವ ಫಾರ್ಮಿಕ್ ಆಮ್ಲದ ತುಸು ಅಂಶ, ಇವುಗಳೊಡನೆ ಅತಿ ಸಣ್ಣ ಕೊಳವೆಯಲ್ಲಿ ಹರಿಸಿ, ಅದರ ತುದಿಗೆ ಕೆಲವು ಸಾವಿರ ವೋಲ್ಟುಗಳ ವಿದ್ಯುತ್ತನ್ನು ಕೊಡುತ್ತಾರೆ. ದ್ರವವು ಶಂಕುವಿನಂತೆ ಚಾಚಿ ತುಂತುರಾಗುತ್ತದೆ. ಬರಿಯ ನೀರು ಇದಕ್ಕೆ ಸುಲಭವಾಗಿ ಒಗ್ಗದು; ಅದರ ಮೇಲ್ಮೈಯ ಬಿಗಿತವು ಮೆಥನಾಲಿನದಕ್ಕಿಂತ ಮೂರುಪಟ್ಟಿಗೂ ಹೆಚ್ಚು. ಹನಿಯು ಆರುತ್ತ ಕುಗ್ಗಿದಂತೆ ಅದರ ವಿದ್ಯುತ್ತು ಒತ್ತೊತ್ತಾಗಿ ಹನಿಯನ್ನೇ ಸಿಡಿಸುತ್ತದೆ. ಕಡೆಗೆ ಔಷಧದ ಅಣುಗಳು ವಿದ್ಯುತ್ತನ್ನು ಹೊತ್ತು ಯಂತ್ರದೊಳಕ್ಕೆ ಹೋಗುತ್ತವೆ. ಈ ವಿಧಾನದಿಂದ ಪ್ರೋಟೀನಿನಂತಹ ದೊಡ್ಡ ಅಣುಗಳನ್ನೂ ತೂಗಬಹುದೆಂದು ತೋರಿಸಿದ ಜಾನ್ ಫೆನ್ ೨೦೦೨ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ತೊಡಕಿರುವುದು ಬೆರೆಯುವಿಕೆಯಲ್ಲಿ. ಇಷ್ಟು ಸಣ್ಣ ಹನಿಯೊಳಗೆ ದ್ರವಗಳು ರೆಪ್ಪೆ ಬಡಿಯುವುದಕ್ಕಿಂತ ಬೇಗ ಒಂದಾಗುತ್ತವೆ. ಹಣ್ಣಿನ ಸಕ್ಕರೆ, ಬಣ್ಣ, ಮೇಣಗಳಲ್ಲಿ ಅಷ್ಟಿಷ್ಟು ಔಷಧದ ಜತೆಗೆ ಅದೇ ಹನಿಯಲ್ಲಿ ಸೇರಿರುತ್ತವೆ. ಹನಿಯ ವಿದ್ಯುತ್ತಾದರೋ ಮಿತವಾದದ್ದು. ಅದಕ್ಕಾಗಿ ಎಲ್ಲವೂ ಸ್ಪರ್ಧಿಸಿದರೆ ಔಷಧವು ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಕೆಲವೊಮ್ಮೆ ಹೆಚ್ಚಾಗಿ ಕಾಣುವುದೂ ಉಂಟು. ಆದಕಾರಣ ಔಷಧ ಸೋಂಕದ ಅದೇ ಬಗೆಯ ಹಣ್ಣಿನ ಸಾರಕ್ಕೆ ಗೊತ್ತಾದ ತೂಕದ ಔಷಧವನ್ನು ಸೇರಿಸಿ, ಅದರೊಡನೆ ಹೋಲಿಸಿ ಲೆಕ್ಕ ಹಾಕುತ್ತಾರೆ. ದ್ರಾಕ್ಷಿಗೆ ಮೆಣಸಿನಕಾಯಿಯ ಸಾರವು ಹೋಲಿಕೆಗೆ ಬಾರದು. ಮಾದರಿಯನ್ನು ಕಳುಹಿಸುವವರು ಬೆಳೆಯ ಹೆಸರನ್ನೂ ಸಿಂಪಡಿಸಿದ ಔಷಧಗಳೆಲ್ಲದರ ಹೆಸರನ್ನೂ ಚೀಟಿಯಲ್ಲಿ ಬರೆದು ಲಗತ್ತಿಸತಕ್ಕದ್ದು.