ಕುರ್ಚಿ ಬಿಡುವ ತಾರೀಖು ಎಲ್ಲಿ ಬರೆದಿದೆ?

ಸಾಂತಾಕ್ರೂಜ್ ಪೂರ್ವದ ಕಲಿನಾ ಎಂದರೆ ಮುಂಬೈ ಕನ್ನಡಿಗರಿಗೆ ಮೊದಲು ನೆನಪಾಗುವುದು ವಿಶ್ವವಿದ್ಯಾಲಯದ ಕನ್ನಡ ವಿಭಾಗ. 2019ರ ಜುಲೈ 10ರಂದು ಅದೇ ಕಲಿನಾ ಆವರಣದ ಅತಿಥಿಗೃಹಕ್ಕೆ ಪೊಲೀಸರು ಕರ್ನಾಟಕದ ಸಚಿವ ಡಿ.ಕೆ. ಶಿವಕುಮಾರ್ ಅವರನ್ನು ಕರೆತಂದರು. ಬೆಳಿಗ್ಗೆಯಿಂದ ಅವರು ಪೊವಾಯಿಯ ರಿನೈಸಾನ್ಸ್ ಹೋಟೆಲಿನ ಗೇಟಿನ ಹೊರಗೆ ಮಳೆಯಲ್ಲಿ ಕಾದಿದ್ದರು. ಒಳಗಿದ್ದವರು ಕಾಂಗ್ರೆಸ್ ಮತ್ತು ಜೆಡಿಎಸ್‌ನ ಅತೃಪ್ತ ಶಾಸಕರು. ನಮಗೆ ಅವರ ಭೇಟಿ ಬೇಡ, ರಕ್ಷಣೆ ಕೊಡಿ ಎಂದು ಶಾಸಕರೇ ಮುಂಬೈ ಪೊಲೀಸರಿಗೆ ಪತ್ರ ಬರೆದಿದ್ದರು. ಶಿವಕುಮಾರ್ ಹೆಸರಿನಲ್ಲಿದ್ದ ಕೋಣೆಯ ಬುಕಿಂಗ್ ಕೂಡ ರದ್ದಾಗಿತ್ತು.

ಅದಕ್ಕೂ ಮೊದಲು ಈ ಶಾಸಕರು ಇಳಿದುಕೊಂಡಿದ್ದು ಬಿಕೆಸಿಯ ಸೋಫಿಟೆಲ್‌ನಲ್ಲಿ. ವಾಕೋಲಾದ ನನ್ನ ಮನೆಯಿಂದ ಆಟೋ ಹಿಡಿದರೆ ಹತ್ತಿರವೇ. ಆಗ ಬ್ಯಾಡಗಿಯಿಂದ ಮಾವ ಫೋನ್ ಮಾಡಿದ್ದರು. "ನಾವು ಹಾಕಿದ ಓಟು ನಿಮ್ಮ ಮುಂಬೈದಾಗ ಐತಂತಲ್ಲೋ ತಮ್ಮಾ. ಎಲ್ಲ್ಯಾರ ಕಂಡ್ರ ಊರಿಗೆ ಕಳಿಸು" ಅಂದರು. ನಗು ಬಂತು. ಆದರೆ 2018ರ ಮೇ 12ರ ಶನಿವಾರ ಮತ ಹಾಕಲು ನಾನೂ ಹಿಂದಿನ ರಾತ್ರಿ ಹುಬ್ಬಳ್ಳಿ ತನಕ ಸ್ಲೀಪರ್ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದವನು. ಹೊರನಾಡಿನಲ್ಲಿರುವ ನಮ್ಮಂಥವರಿಗೆ ಓಟು ಎಂದರೆ ಎರಡು ರಾತ್ರಿಯ ನಿದ್ದೆ.

ಆ ಚುನಾವಣೆಯಲ್ಲಿ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78, ಜೆಡಿಎಸ್‌ಗೆ 37 ಸ್ಥಾನ. ಎರಡೇ ದಿನದ ಯಡಿಯೂರಪ್ಪ ಸರ್ಕಾರದ ಬಳಿಕ ಮೇ 23ರಂದು ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾದರು. ಐದು ವರ್ಷವೂ ಅವರೇ ಎಂದು ದೋಸ್ತಿ ಪಕ್ಷಗಳು ಹೇಳಿದವು. 2019ರ ಜುಲೈ 23ರಂದು 99–105ರಲ್ಲಿ ವಿಶ್ವಾಸಮತ ಬಿದ್ದುಹೋಯಿತು. ಲೆಕ್ಕ ಹಾಕಿದರೆ ಹದಿನಾಲ್ಕು ತಿಂಗಳು.

ಮೈತ್ರಿ ಸರ್ಕಾರ ಎಂದರೇ ಹೀಗೆ ಎಂದು ನಮ್ಮಲ್ಲಿ ಸುಲಭವಾಗಿ ಹೇಳಿಬಿಡುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಯಾರಿಗೂ ಬಹುಮತ ಕೊಡದಿರುವುದೂ ಮತದಾರನ ಒಂದು ತೀರ್ಪೇ. ನನ್ನ ತಕರಾರು ಬೇರೆ. ಯಾರು ಎಷ್ಟು ದಿನ ಆಳಬೇಕು, ಕುರ್ಚಿ ಯಾವಾಗ ಬಿಡಬೇಕು ಎಂಬುದು ನಮ್ಮಲ್ಲಿ ಕೋಣೆಯೊಳಗಿನ ಬಾಯಿಮಾತಾಗಿ ಉಳಿಯುತ್ತದೆ. ಮುರಿದಾಗ ಮಾತ್ರ ಅದು ಹೊರಗೆ ಬರುತ್ತದೆ, ಅದೂ ಎರಡು ಕಡೆಯಿಂದ ಎರಡು ಥರ.

ಇದಕ್ಕೆ ನಮ್ಮ ದೊಡ್ಡ ಉದಾಹರಣೆ 20-20 ಸರ್ಕಾರ. 2004ರಲ್ಲಿ ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58 ಗೆದ್ದಾಗ ಧರ್ಮಸಿಂಗ್ ಮುಖ್ಯಮಂತ್ರಿಯಾದರು. 2006ರ ಆರಂಭದಲ್ಲಿ ಕುಮಾರಸ್ವಾಮಿ ಅದನ್ನು ಬಿಟ್ಟು ಬಿಜೆಪಿ ಜೊತೆ ಸೇರಿ, ಉಳಿದ ಅವಧಿಯನ್ನು ಇಪ್ಪತ್ತು–ಇಪ್ಪತ್ತು ತಿಂಗಳು ಹಂಚಿಕೊಂಡರು. ಅವರ ಪ್ರಮಾಣವಚನ ಫೆಬ್ರವರಿ 3ರಂದು. ಆ ಲೆಕ್ಕದಲ್ಲಿ 2007ರ ಅಕ್ಟೋಬರ್ 3ಕ್ಕೆ ಯಡಿಯೂರಪ್ಪನವರಿಗೆ ಕುರ್ಚಿ ಸಿಗಬೇಕು. ತಾರೀಖು ಪಾನ್ ಅಂಗಡಿಯವನಿಗೂ ಗೊತ್ತಿತ್ತು. ಕುರ್ಚಿ ಸಿಗಲಿಲ್ಲ. ಬಿಜೆಪಿ ಬೆಂಬಲ ಹಿಂತೆಗೆದುಕೊಂಡಿತು, 8ರಂದು ಕುಮಾರಸ್ವಾಮಿ ರಾಜೀನಾಮೆ ಕೊಟ್ಟರು, ಮರುದಿನ ರಾಷ್ಟ್ರಪತಿ ಆಳ್ವಿಕೆ. ಮತ್ತೆ ಮಾತುಕತೆಯಾಗಿ ನವೆಂಬರ್ 12ರಂದು ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು. ಆಗ ದೇವೇಗೌಡರು ಲಿಖಿತ ಒಪ್ಪಂದಕ್ಕೆ ಸಹಿ ಹಾಕಿ ಎಂದು ಪಟ್ಟು ಹಿಡಿದರು. ಬಿಜೆಪಿ ಒಪ್ಪಲಿಲ್ಲ. ಏಳನೇ ದಿನ ಆ ಸರ್ಕಾರವೂ ಹೋಯಿತು. ಕಾಗದದ ನೆನಪಾದದ್ದು ಸಂಸಾರ ಮುರಿದ ಮೇಲೆ! 2008ರ ಚುನಾವಣೆಯಲ್ಲಿ ವಚನಭ್ರಷ್ಟತೆ ಎಂಬ ಮಾತನ್ನೇ ಹಿಡಿದು ಬಿಜೆಪಿ 110 ಸ್ಥಾನಕ್ಕೆ ಏರಿತು.

ಈ ಕತೆಯನ್ನು ನಾನು ಒಮ್ಮೆ ನಮ್ಮ ಕಂಪನಿಯ ಡಬ್ಲಿನ್ ತಂಡದ ಗೆಳೆಯನೊಬ್ಬನಿಗೆ ಹೇಳಿದ್ದೆ. ಅವರ ದೇಶದಲ್ಲೂ ಕುರ್ಚಿ ಹಂಚಿಕೆ ನಡೆದಿತ್ತು. 2020ರ ಫೆಬ್ರವರಿ ಚುನಾವಣೆಯಲ್ಲಿ ಅಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಅಂತರ್ಯುದ್ಧದ ಕಾಲದಿಂದ ಎದುರಾಳಿಗಳಾಗಿದ್ದ ಫಿಯಾನಾ ಫಾಯ್ಲ್ ಮತ್ತು ಫೀನ ಗೇಲ್ ಪಕ್ಷಗಳು ಹಸಿರು ಪಕ್ಷದೊಂದಿಗೆ ಕೂಡಿ ಸರ್ಕಾರ ಮಾಡಿದವು. ಅದಕ್ಕೆ ನಾಲ್ಕು ತಿಂಗಳಿಗೂ ಹೆಚ್ಚು ಹಿಡಿಯಿತು. ಯಾಕೆಂದರೆ ಅವರು ಮೊದಲು ಕಾರ್ಯಕ್ರಮವನ್ನು ಬರೆದು ಪ್ರಕಟಿಸಿ, ಮೂರೂ ಪಕ್ಷಗಳ ಸದಸ್ಯರ ಮತಕ್ಕೆ ಹಾಕಿದರು. ಮೊದಲು ಮೀಹಾಲ್ ಮಾರ್ಟಿನ್ ಪ್ರಧಾನಿ, 2022ರ ಡಿಸೆಂಬರ್‌ನಲ್ಲಿ ಲಿಯೋ ವರಾಡ್ಕರ್ ಎಂಬುದು ದೇಶಕ್ಕೆಲ್ಲ ಗೊತ್ತಿತ್ತು. ವರಾಡ್ಕರ್ ನಮಗೂ ಪೂರ್ತಿ ಪರಕೀಯರಲ್ಲ. ಅವರ ತಂದೆ ಮುಂಬೈಯ ಡಾಕ್ಟರು, ಮೂಲ ಊರು ಸಿಂಧುದುರ್ಗ ಜಿಲ್ಲೆಯ ಮಾಲ್ವಣ್ ಬಳಿಯ ವರಾಡ್. ಡಿಸೆಂಬರ್ 15ರ ಹಸ್ತಾಂತರ ಐರೋಪ್ಯ ಒಕ್ಕೂಟದ ಸಭೆಯಿಂದಾಗಿ 17ಕ್ಕೆ ಹೋಯಿತು. ತಡವಾದದ್ದು ಅಷ್ಟೇ, ಎರಡು ದಿನ.

ಹಾಗಂತ ಐರ್ಲೆಂಡ್ ರಾಮರಾಜ್ಯವೇನಲ್ಲ. 2024ರ ಮಾರ್ಚ್ 20ರಂದು ವರಾಡ್ಕರ್ ದಿಢೀರನೆ ರಾಜೀನಾಮೆ ಘೋಷಿಸಿದರು. ಏಪ್ರಿಲ್ 9ರಂದು ಸೈಮನ್ ಹ್ಯಾರಿಸ್ ಬಂದರು. ಒಂದೇ ಅವಧಿಯಲ್ಲಿ ಮೂರನೇ ಪ್ರಧಾನಿ. ಜನರನ್ನು ಕೇಳದೆ ಇದೇನು, ಚುನಾವಣೆಗೆ ಹೋಗಿ ಎಂದು ವಿರೋಧ ಪಕ್ಷ ಸಿನ್ ಫೇನ್ ಕೂಗೆಬ್ಬಿಸಿತು. ಆ ಪ್ರಶ್ನೆ ನ್ಯಾಯವಾದದ್ದೇ. ಹ್ಯಾರಿಸ್ ತಕ್ಷಣ ಒಪ್ಪಲಿಲ್ಲ, ನವೆಂಬರ್ 29ಕ್ಕೆ ಅವಧಿಗಿಂತ ಸ್ವಲ್ಪ ಮೊದಲೇ ಚುನಾವಣೆ ನಡೆಯಿತು. ಆಮೇಲೆ ಮತ್ತದೇ ಎರಡು ಪಕ್ಷಗಳು ಪಕ್ಷೇತರರ ಜೊತೆ ಸೇರಿದವು, ಮಾರ್ಟಿನ್ ಮತ್ತೆ ಪ್ರಧಾನಿಯಾದರು. ಹ್ಯಾರಿಸ್ ಸರದಿ 2027ರ ನವೆಂಬರ್‌ಗೆ.

ಇಲ್ಲಿ ಮಹಾರಾಷ್ಟ್ರದಲ್ಲೂ 2019ರಲ್ಲಿ ಬಾಗಿಲು ಮುಚ್ಚಿದ ಕೋಣೆಯ ಮಾತೇ ಜಗಳವಾಯಿತು. ಮುಖ್ಯಮಂತ್ರಿ ಸ್ಥಾನದಲ್ಲೂ ಅರ್ಧಪಾಲು ಎಂದಿದ್ದರು ಅಂತ ಶಿವಸೇನೆ, ಹಾಗೆ ಹೇಳಿಯೇ ಇಲ್ಲ ಅಂತ ಬಿಜೆಪಿ. ಆ ಜುಲೈನಲ್ಲಿ ಕ್ಯಾಂಟೀನಿನಲ್ಲಿ "ನಿಮ್ಮ ಆಮದಾರರು ನಮ್ಮೂರಲ್ಲಿ ಆರಾಮಾಗಿದ್ದಾರಾ?" ಎಂದು ಕಿಚಾಯಿಸುತ್ತಿದ್ದ ಮರಾಠಿ ಸಹೋದ್ಯೋಗಿಗಳು 2022ರ ಜೂನ್‌ನಲ್ಲಿ ಅವರ ಶಾಸಕರು ಸೂರತ್, ಗುವಾಹಟಿ ಸುತ್ತುವಾಗ ತಣ್ಣಗಾದರು. ನಾನೂ ಬಡ್ಡಿ ಸಮೇತ ತೀರಿಸಿದೆ, ಅದನ್ನು ಮುಚ್ಚಿಡುವುದಿಲ್ಲ.

ಬಾಯಿಮಾತು ಮುರಿದಾಗ ಜನರ ಬಳಿ ಹೋಗುವುದು ಒಂದು ದಾರಿ. ನಮ್ಮಲ್ಲೇ ಅದಕ್ಕೆ ಒಳ್ಳೆಯ ಉದಾಹರಣೆ ಇದೆ. 1983ರಿಂದ ಬಿಜೆಪಿ ಮತ್ತು ಎಡಪಕ್ಷಗಳ ಬೆಂಬಲದಲ್ಲಿ ನಡೆದಿದ್ದ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರ, 1984ರ ಡಿಸೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ 28ರಲ್ಲಿ 4 ಮಾತ್ರ ಗೆದ್ದಿತು. ಸರ್ಕಾರಕ್ಕೆ ಯಾರೂ ಕೈಕೊಟ್ಟಿರಲಿಲ್ಲ. ಆದರೂ ಹೆಗಡೆ ರಾಜೀನಾಮೆ ಕೊಟ್ಟು, ವಿಧಾನಸಭೆ ವಿಸರ್ಜಿಸಿ 1985ರ ಮಾರ್ಚ್‌ನಲ್ಲಿ ಜನರ ಮುಂದೆ ನಿಂತರು. ಜನ 139 ಸ್ಥಾನ ಕೊಟ್ಟರು.

2019ರಲ್ಲಿ ಹಾಗಾಗಲಿಲ್ಲ. ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ನವೆಂಬರ್ 13ರಂದು ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಸ್ಪರ್ಧಿಸಬಹುದು ಎಂದಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಮಾತ್ರ ಉಪಚುನಾವಣೆ, ಬಿಜೆಪಿಗೆ 12. ಉಳಿದ ಕ್ಷೇತ್ರಗಳ ಜನರನ್ನು ಯಾರೂ ಕೇಳಲಿಲ್ಲ.

ನಮ್ಮ ಹಾವೇರಿ ಜಿಲ್ಲೆಯ ಹಿರೇಕೆರೂರನ್ನೇ ನೋಡಿ. 2018ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ಬಿ.ಸಿ. ಪಾಟೀಲರು ಬಿಜೆಪಿಯ ಯು.ಬಿ. ಬಣಕಾರರನ್ನು ಸೋಲಿಸಿದ್ದು ಕೇವಲ 555 ಮತಗಳಿಂದ. ಒಂದು ದೊಡ್ಡ ಓಣಿಯ ಓಟು. ಮರುವರ್ಷ ಪಾಟೀಲರು ಬಿಜೆಪಿಯಿಂದ ನಿಂತು ದೊಡ್ಡ ಅಂತರದಲ್ಲಿ ಗೆದ್ದರು. 2023ರಲ್ಲಿ ಬಣಕಾರರು ಕಾಂಗ್ರೆಸ್ಸಿನಿಂದ ನಿಂತು ಪಾಟೀಲರನ್ನು ಸೋಲಿಸಿದರು. ಆಳು ಅವರೇ, ಬಾವುಟ ಅದಲುಬದಲು. ಐದು ವರ್ಷದಲ್ಲಿ ಆ ಜನ ಮೂರು ಸಲ ಸಾಲಿನಲ್ಲಿ ನಿಂತರು. ಆದರೆ ಪ್ರತಿ ಸಲ ತೀರ್ಪು ಅವರದೇ. ಹೋಟೆಲಿನಲ್ಲಿ ಆಗುವ ತೀರ್ಮಾನಕ್ಕಿಂತ ಅದೇ ಎಷ್ಟೋ ವಾಸಿ ಅನ್ನಿಸುತ್ತದೆ ನನಗೆ.

ಇದು ಮೈತ್ರಿಗಷ್ಟೇ ಅಂಟಿದ ರೋಗವೂ ಅಲ್ಲ. 2023ರಲ್ಲಿ ಕಾಂಗ್ರೆಸ್ ಒಂದೇ ಪಕ್ಷವಾಗಿ ಬಹುಮತ ಪಡೆಯಿತು. ಆದರೂ 2025ರ ನವೆಂಬರ್‌ನಲ್ಲಿ ಸಿದ್ದರಾಮಯ್ಯನವರಿಗೆ ಎರಡೂವರೆ ವರ್ಷ ತುಂಬಿದಾಗ, ಅವರಿಗೂ ಶಿವಕುಮಾರ್ ಅವರಿಗೂ ನಡುವೆ ಏನು ಮಾತಾಗಿತ್ತು ಎಂಬುದೇ ವಾರಗಟ್ಟಲೆ ಸುದ್ದಿ. ಅದು ಐದಾರು ಜನರ ನಡುವಿನ ಗುಟ್ಟು ಎಂಬ ಅರ್ಥದ ಮಾತನ್ನು ಶಿವಕುಮಾರ್ ಅವರೇ ಆಡಿದರು. ಸಾಫ್ಟ್‌ವೇರಿನವರಾದ ನಾವು ಒಂದು ಸಣ್ಣ ಪ್ರಾಜೆಕ್ಟ್ ಕೈಬದಲಿಸುವಾಗಲೂ ಯಾರಿಂದ ಯಾರಿಗೆ, ಯಾವ ದಿನ ಎಂದು ಬರೆದು ಎಲ್ಲರಿಗೂ ಮೇಲ್ ಹಾಕುತ್ತೇವೆ. ರಾಜ್ಯವನ್ನೇ ಕೈಬದಲಿಸುವವರು ಅಷ್ಟನ್ನಾದರೂ ಮಾಡಲಿ. ವಿಶ್ವಾಸಮತಕ್ಕೆ ಮೊದಲು ಒಪ್ಪಂದದ ಕಾಗದ ಸದನದ ಮುಂದೆ ಬರಲಿ. ಅದು ಮುರಿದರೆ ಯಾರು ಮುರಿದರು ಎಂದು ಓದಿ ತಿಳಿಯಬಹುದು.

ನಾವಂತೂ ಇನ್ನೂ ಊರಿಗೆ ಹೋಗಿಯೇ ಮತ ಹಾಕಬೇಕು. ವಲಸಿಗರು ಇರುವಲ್ಲಿಂದಲೇ ಮತ ಹಾಕುವ ಯಂತ್ರವನ್ನು ತೋರಿಸಲು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳನ್ನು ಕರೆದಿತ್ತು. ವಿರೋಧ ಪಕ್ಷಗಳು ಒಪ್ಪಲಿಲ್ಲ. ಅದೇ ವರ್ಷ ಮೇ 10ರ ಮತದಾನ ಬುಧವಾರ ಬಂತು. ನಾನು ಎರಡು ದಿನ ರಜೆ ಹಾಕಿ ಮಂಗಳವಾರ ಸಂಜೆಯ ಬಸ್ಸು ಹತ್ತಿದೆ. ಸೀಟುಗಳೆಲ್ಲ ತುಂಬಿದ್ದವು.