ಕರೆತಂದ ಕೈಗಳು: ಸಂತ ಸಿಸಿಲಿಯಾರ ಹಬ್ಬದ ಚಿಂತನೆ



ನವೆಂಬರ್ 22 ಸಂತ ಸಿಸಿಲಿಯಾರ ಸ್ಮರಣೆಯ ದಿನ. ರೋಮ್ ನಗರದ ಈ ರಕ್ತಸಾಕ್ಷಿ ಸಂಗೀತಗಾರರ ಪಾಲಕ ಸಂತರು. ತಮ್ಮ ಮದುವೆಯ ದಿನ ವಾದ್ಯಗಳು ಮೊಳಗುತ್ತಿದ್ದಾಗ ಅವರು ಹೃದಯದೊಳಗೇ ದೇವರಿಗೆ ಹಾಡುತ್ತಿದ್ದರೆಂದು ಸಂಪ್ರದಾಯ ಹೇಳುತ್ತದೆ. ಹೊರಗಿನವರಿಗೆ ಕೇಳಿಸದ ಹಾಡೂ ದೇವರಿಗೆ ಕೇಳಿಸುತ್ತದೆ. ಈ ಹಬ್ಬದಂದು, ಎಳವೆಯಲ್ಲೇ ಕಣ್ಣು ಕಳೆದುಕೊಂಡ ಇಬ್ಬರು ಸಂಗೀತಗಾರರನ್ನು ನೆನೆಯೋಣ. ಒಬ್ಬರು ಸ್ಪೇನ್ ದೇಶದವರು, ಇನ್ನೊಬ್ಬರು ನಮ್ಮ ನೆರೆಯವರು.

ಹ್ವಾಕಿನ್ ರೊದ್ರಿಗೊ ಹುಟ್ಟಿದ್ದು ಸಂತ ಸಿಸಿಲಿಯಾರ ದಿನದಂದೇ, 1901ರ ನವೆಂಬರ್ 22ರಂದು, ಸ್ಪೇನಿನ ಸಗುಂಟೊ ಎಂಬ ಊರಿನಲ್ಲಿ. ಮೂರು ವರ್ಷದ ಮಗುವಾಗಿದ್ದಾಗ ಡಿಫ್ತೀರಿಯಾ ಎಂಬ ಗಂಟಲಮಾರಿ ಅವರ ದೃಷ್ಟಿಯನ್ನು ಕಸಿದುಕೊಂಡಿತು. ಮುಂದೆ ಅವರು ಉಬ್ಬು ಚುಕ್ಕೆಗಳ ಬ್ರೈಲ್ ಲಿಪಿಯಲ್ಲಿ ಸಂಗೀತ ಬರೆದರು. ಆ ಲಿಪಿಯನ್ನು ರೂಪಿಸಿದ ಲೂಯಿ ಬ್ರೈಲ್ ಕೂಡ ಕಣ್ಣಿಲ್ಲದವರೇ, ಪ್ಯಾರಿಸ್ಸಿನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು. ರೊದ್ರಿಗೊ ಚುಕ್ಕೆಗಳಲ್ಲಿ ಬರೆದು ಒಂದೊಂದೇ ಸ್ವರವನ್ನು ಹೇಳುತ್ತಿದ್ದರು, ಕಣ್ಣಿದ್ದವರು ಕೇಳಿ ಕಾಗದಕ್ಕಿಳಿಸುತ್ತಿದ್ದರು. ಪಿಯಾನೊ ವಾದಕಿಯಾಗಿದ್ದ ಪತ್ನಿ ವಿಕ್ಟೋರಿಯಾ ಬಾಳಿನುದ್ದಕ್ಕೂ ಅವರಿಗೆ ಹೆಗಲಾದರು. 1939ರಲ್ಲಿ ಅವರು ಗಿಟಾರ್ ಮತ್ತು ವಾದ್ಯವೃಂದಕ್ಕಾಗಿ ರಚಿಸಿದ 'ಅರಾನ್‌ಹ್ವೆಸ್ ಕಾನ್ಸರ್ಟೊ' ಇಂದಿಗೂ ಜಗತ್ತಿನಾದ್ಯಂತ ಕೇಳಿಬರುತ್ತದೆ. ಅದರ ನಡುವಿನ ಭಾಗದಲ್ಲಿ, ಹುಟ್ಟುವ ಮೊದಲೇ ಕಳೆದುಕೊಂಡ ಚೊಚ್ಚಲ ಮಗುವಿನ ದುಃಖವಿದೆಯೆಂದು ಪತ್ನಿ ನೆನಪಿಸಿಕೊಂಡಿದ್ದಾರೆ. 1941ರಲ್ಲಿ ಹೆಣ್ಣುಮಗು ಹುಟ್ಟಿತು. ಅದಕ್ಕೆ ಇಟ್ಟ ಹೆಸರು ಸಿಸಿಲಿಯಾ. ರೊದ್ರಿಗೊ 1999ರಲ್ಲಿ, 97ನೇ ವಯಸ್ಸಿನಲ್ಲಿ, ತೀರಿಕೊಂಡರು.

ಇದು ದೂರದೇಶದ ಮಾತಾಯಿತು ಎನ್ನಬೇಡಿ. ಸೊರಬದಿಂದ ಆನವಟ್ಟಿ ದಾಟಿ ಮುಂದೆ ಹೋದರೆ ಹಾನಗಲ್ ಸೀಮೆ. ಆ ತಾಲ್ಲೂಕಿನ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಪುಟ್ಟರಾಜ ಗವಾಯಿಗಳು ಹುಟ್ಟಿದರು. ಹಸುಗೂಸಾಗಿದ್ದಾಗಲೇ ಕಣ್ಣು ಹೋಯಿತು. ತಬ್ಬಲಿ ಮಗುವನ್ನು ಸಾಕಿದ ಸೋದರಮಾವ, ಅದು ಹಾರ್ಮೋನಿಯಂ ಮನೆಗಳ ಮೇಲೆ ಬೆರಳಾಡಿಸುವುದನ್ನು ಕಂಡು ಗದರಲಿಲ್ಲ. ಪಂಚಾಕ್ಷರಿ ಗವಾಯಿಗಳ ಬಳಿಗೆ ಕರೆದೊಯ್ದರು. ಆ ಗುರುಗಳಿಗೂ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಹಾನಗಲ್ಲಿನ ಕುಮಾರ ಸ್ವಾಮಿಗಳು ಅವರ ಕಂಠವನ್ನು ಗುರುತಿಸಿ ಸಂಗೀತ ಕಲಿಸುವ ಏರ್ಪಾಡು ಮಾಡಿದ್ದರು. ತಾವು ಪಡೆದದ್ದನ್ನು ಪಂಚಾಕ್ಷರಿಗಳು ಅಂಧ, ಅನಾಥ ಮಕ್ಕಳಿಗೆ ಹಂಚಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಹೀಗೆ ಬೆಳೆಯಿತು.

1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಆಶ್ರಮದ ಹೊಣೆ ಪುಟ್ಟರಾಜರ ಮೇಲೆ ಬಿತ್ತು. ಜಾತಿಮತ ಕೇಳದೆ ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಕೊಟ್ಟರು. ನಾಟಕ ಬರೆದರು, ಸಂಗೀತ ಕೂಡಿಸಿದರು, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥ ರಚಿಸಿದರು. ಭಕ್ತರು ತುಲಾಭಾರ ಮಾಡಿ ಕೊಟ್ಟ ಹಣ ಆಶ್ರಮದ ಮಕ್ಕಳಿಗೆ ಸಲ್ಲುತ್ತಿತ್ತು. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಅಗಲಿದರು. ಅವರು ವೀರಶೈವ ಪರಂಪರೆಯ ಗುರುಗಳು. ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ಗೌರವಿಸುತ್ತದೆ ಎಂದು ಎರಡನೇ ವ್ಯಾಟಿಕನ್ ಮಹಾಸಭೆ ನಮಗೆ ಕಲಿಸಿದೆ.

ಈ ಇಬ್ಬರ ಬದುಕಿನಲ್ಲೂ ನಾವು ಗಮನಿಸಬೇಕಾದದ್ದು ಒಂದಿದೆ. ವರವನ್ನು ದೇವರು ಕೊಟ್ಟರು. ಆದರೆ ಅದು ಜನರ ಕಿವಿ ತಲುಪಿದ್ದು ಯಾರೋ ಕೈಹಿಡಿದು ಕರೆತಂದದ್ದರಿಂದ. ಮಾರ್ಕನ ಶುಭಸಂದೇಶದಲ್ಲಿ ಕುರುಡ ಬಾರ್ತಿಮಾಯ ಜೆರಿಕೋ ದಾರಿಯಲ್ಲಿ ಯೇಸುವನ್ನು ಕೂಗುತ್ತಾನೆ. ಜನರು ಸುಮ್ಮನಿರೆಂದು ಗದರಿಸುತ್ತಾರೆ. ಪ್ರಭು ಮಾತ್ರ ನಿಲ್ಲುತ್ತಾರೆ. ಗದರಿಸಿದ ಆ ಜನರಿಗೇ, ಅವನನ್ನು ಕರೆಯಿರಿ ಎಂದು ಹೇಳುತ್ತಾರೆ.

ಗದರಿಸಿದವರ ಸಾಲಿನಲ್ಲಿ ನಾವೂ ನಿಂತದ್ದುಂಟು. ಕೆಲವು ವರ್ಷಗಳ ಹಿಂದೆ, ಕ್ರಿಸ್‌ಮಸ್ ಹಾಡುಗಳ ಅಭ್ಯಾಸಕ್ಕೆ ಅಜ್ಜಿಯೊಬ್ಬರು ಕಣ್ಣು ಕಾಣದ ಮೊಮ್ಮಗನನ್ನು ಕರೆತಂದಿದ್ದರು. "ಪುಸ್ತಕ ನೋಡಿ ಹಾಡಬೇಕಲ್ಲಮ್ಮ, ಇವನಿಗೆ ಕಷ್ಟ. ನಿಮ್ಮ ಜೊತೆ ಬೆಂಚಿನಲ್ಲೇ ಕೂರಿಸಿಕೊಳ್ಳಿ" ಎಂದೆವು. "ಆಗಲಿ ಫಾದರ್" ಎಂದು ಅವರು ಹುಡುಗನನ್ನು ಹಿಂದಿನ ಬೆಂಚಿಗೆ ಕರೆದೊಯ್ದರು. ಮುಂದಿನ ಅಭ್ಯಾಸಗಳಿಗೂ ಇಬ್ಬರೂ ಬಂದು ಅಲ್ಲೇ ಕೂತು ಹೋಗುತ್ತಿದ್ದರು. ಕ್ರಿಸ್‌ಮಸ್ ರಾತ್ರಿ ಬಲಿಪೂಜೆಯ ನಡುವೆ ಕರೆಂಟು ಹೋಯಿತು. ಗಾನವೃಂದದ ಹಾಡು ಅರ್ಧಕ್ಕೇ ನಿಂತಿತು. ಕತ್ತಲಲ್ಲಿ ಹಿಂದಿನ ಬೆಂಚಿನಿಂದ ಒಂದೇ ಒಂದು ದನಿ ಕೊನೆಯ ಚರಣದವರೆಗೂ ಹಾಡಿತು. ಪುಸ್ತಕ ಬೇಕಾಗಿದ್ದದ್ದು ನಮಗೆ, ಅವನಿಗಲ್ಲ. ಮರುವರ್ಷ ಕರೆಯೋಣವೆಂದರೆ ಆ ಕುಟುಂಬ ಕೂಲಿ ಅರಸಿ ಊರು ಬಿಟ್ಟಿತ್ತು. ಅವನಲ್ಲಿ ಕ್ಷಮೆ ಕೇಳುವುದು ಇನ್ನೂ ಬಾಕಿ ಇದೆ.

ಶಿಕಾರಿಪುರ, ಸೊರಬ ಸೀಮೆಯಲ್ಲಿ ನಮ್ಮ ಕುಟುಂಬಗಳು ಕೆಲವೇ, ಹಾಡುವವರು ಇನ್ನೂ ಕಡಿಮೆ. ಆಗಮನ ಕಾಲ ಹತ್ತಿರ ಬಂತು, ಅಭ್ಯಾಸ ಶುರುವಾಗಲಿದೆ. ತಂದೆತಾಯಿಗಳೇ, ಕಣ್ಣು ಕಾಣದ, ನಡೆಯಲಾಗದ, ಮಾತು ತೊದಲುವ ಮಗುವನ್ನು ನಾಲ್ಕು ಜನ ನೋಡುತ್ತಾರೆಂದು ಮನೆಯಲ್ಲೇ ಬಿಟ್ಟು ಬರಬೇಡಿ. ಗಾನವೃಂದದವರೇ, ಹಾಡನ್ನು ಒಂದೊಂದು ಸಾಲಾಗಿ ಬಾಯಲ್ಲಿ ಹೇಳಿಕೊಡಿ, ಕೇಳಿ ಕಲಿಯುವವರಿಗೆ ಜಾಗ ಮಾಡಿಕೊಡಿ. ನೆರೆಹೊರೆಯವರೇ, ಆ ಮಗುವನ್ನು ಚರ್ಚಿಗೆ ಕರೆತರುವ ಕೈ ನಿಮ್ಮದಾಗಲಿ.

ಸಂತ ಸಿಸಿಲಿಯಾರೇ, ನಾವು ಬೆಂಚಿನಲ್ಲಿ ಕೂರಿಸಿದ ದನಿಗಳನ್ನು ನಾವೇ ಹೋಗಿ ಕರೆತರುವಂತೆ ನಮಗಾಗಿ ಪ್ರಾರ್ಥಿಸಿರಿ. ಆಮೆನ್.