ಆದಿಕ್ರೈಸ್ತ ಧರ್ಮದ ಅಧ್ಯಯನ ಮತ್ತು ಕನ್ನಡ ಪರಿಭಾಷೆ

ಕ್ರೈಸ್ತ ಧರ್ಮದ ಮೊದಲ ಐದು ಶತಮಾನಗಳ ಚರಿತ್ರೆ ಹಾಗೂ ವಿಶ್ವಾಸಗಳು ದೇವಶಾಸ್ತ್ರ ವಿದ್ಯಾಲಯಗಳ ಪಠ್ಯಕ್ರಮದಲ್ಲಿ ಪ್ರಧಾನ ವಿಷಯವಾಗಿವೆ. ನೈಸಿಯ (ಕ್ರಿ.ಶ. 325), ಕಾನ್‌ಸ್ಟಾಂಟಿನೋಪಲ್ (381), ಕಾಲ್ಸಿಡನ್ (451) ಮಹಾಸಭೆಗಳ ನಿರ್ಣಯಗಳನ್ನು ಪರೀಕ್ಷೆಗಾಗಿ ಓದುವ ವಿದ್ಯಾರ್ಥಿಗೆ ಇಸವಿಗಳನ್ನು ನೆನಪಿಡುವುದು ದೊಡ್ಡ ಕಷ್ಟವೇನಲ್ಲ. ಉತ್ತರವನ್ನು ಕನ್ನಡದಲ್ಲಿ ಬರೆಯಹೊರಟಾಗ ಎದುರಾಗುವ ನಿಜವಾದ ತೊಡಕು ಪರಿಭಾಷೆಯದು.

ಈ ಪರಿಭಾಷೆಯ ಬಹುಭಾಗ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪುಗೊಂಡಿತು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೈಗೊಂಡ ಬೈಬಲ್ ಅನುವಾದವು 1831ರ ವೇಳೆಗೆ ಪೂರ್ಣಗೊಂಡಿತು. 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ ಧಾರವಾಡ, ಹುಬ್ಬಳ್ಳಿಗಳ ಮೂಲಕ 1841ರಲ್ಲಿ ಗದಗಿನ ಬೆಟಗೇರಿಯನ್ನು ತಲುಪಿತು. 1847ರಲ್ಲಿ ಹೆರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಆರಂಭಿಸಿದ ದೇವಶಾಸ್ತ್ರ ಶಾಲೆಯೇ 1965ರಲ್ಲಿ ರೂಪುಗೊಂಡ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಮೂಲ. 1844ರಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯ ಬಾಸೆಲ್ ನಗರದಲ್ಲಿ ಓದಿ, 1851ರಲ್ಲಿ ಹಿಂದಿರುಗಿ ಈ ಶಾಲೆಯಲ್ಲಿ ಬೋಧಿಸಿದರು. ಜರ್ಮನ್ ಭಾಷೆಯಲ್ಲಿ ಕಲಿತುದನ್ನು ಕನ್ನಡದ ಕಿವಿಗೆ ಒಪ್ಪಿಸುವ ಹೊಣೆ ಹೊತ್ತ ಮೊದಲಿಗರಲ್ಲಿ ಅವರೂ ಒಬ್ಬರು.

ಹೊಸ ಪದಗಳನ್ನು ಶೂನ್ಯದಿಂದ ಟಂಕಿಸಲಾಗುವುದಿಲ್ಲ. ದೇವರು ಮನುಷ್ಯನಾದನೆಂಬುದನ್ನು ಹೇಳಲು ಹಳೆಯ ಕನ್ನಡ ಬೈಬಲ್ 'ನರಾವತಾರ' ಎಂಬ ಶಬ್ದವನ್ನು ಸ್ವೀಕರಿಸಿತು. ಓದುಗರಿಗೆ ಅದು ತಕ್ಷಣ ತಿಳಿಯುವ ಶಬ್ದವೇ ಸರಿ. ಆದರೆ ಅವತಾರಗಳು ಹಲವು, ಅವು ಮರುಕಳಿಸುವಂಥವು. ಆದಿಸಭೆ ಹೇಳಿದ್ದು ಒಮ್ಮೆ ಮಾತ್ರ ಸಂಭವಿಸಿದುದನ್ನು. ಇದಕ್ಕಿಂತ ಸೂಕ್ಷ್ಮವಾದುದು ದೇಹದ ಪ್ರಶ್ನೆ. ರೋಣ ತಾಲೂಕಿನ ಯಾವಗಲ್ಲಿನಂತಹ ಊರಿನಲ್ಲಿ ಪುರಾಣ ಪ್ರವಚನಗಳನ್ನು ಕೇಳುತ್ತ ಬೆಳೆದವರಿಗೆ ಚಾಮರಸನ 'ಪ್ರಭುಲಿಂಗಲೀಲೆ'ಯ ಗೋರಕ್ಷನ ಪ್ರಸಂಗ ಅಪರಿಚಿತವಾಗಿರಲಾರದು. ಗೋರಕ್ಷನ ಖಡ್ಗ ಅಲ್ಲಮಪ್ರಭುವಿನ ಮೈಯೊಳಗೆ ಬಯಲಲ್ಲಿ ಹಾಯ್ದಂತೆ ಹಾಯ್ದುಹೋಗುತ್ತದೆ. ಗಾಯವಾಗದಿರುವುದೇ ಅಲ್ಲಿನ ಮಹಿಮೆ. ಕ್ರಿಸ್ತನ ದೇಹವೂ ಇಂಥದೇ, ಆತನ ಯಾತನೆ ಕೇವಲ ತೋರಿಕೆ ಎಂದು ವಾದಿಸಿದವರು ಆದಿಕಾಲದಲ್ಲಿದ್ದರು. ಎರಡನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಇಗ್ನೇಷಿಯಸ್ ತನ್ನ ಪತ್ರಗಳಲ್ಲಿ ಇದನ್ನು ಉಗ್ರವಾಗಿ ಖಂಡಿಸಿದನು. ಆತನಿಗೆ ಗಾಯವಾಗುವ ದೇಹವೇ ಮುಖ್ಯ, ಏಕೆಂದರೆ ಯಾತನೆ ತೋರಿಕೆಯಾದರೆ ಸೆರೆಯಾಳಾಗಿ ತಾನು ಸಾಯಹೊರಟಿರುವುದಕ್ಕೆ ಅರ್ಥವೇ ಉಳಿಯುವುದಿಲ್ಲ. 'ಅವತಾರ'ವೆಂದಷ್ಟೇ ಬರೆದು ಮುಂದೆ ಸಾಗುವ ವಿದ್ಯಾರ್ಥಿ, ಸಭೆ ನಿರಾಕರಿಸಿದ ಮತವನ್ನೇ ತನಗರಿವಿಲ್ಲದೆ ಎತ್ತಿಹಿಡಿದಂತಾದೀತು. ಅಲ್ಲಮನ ಕಥೆಯನ್ನು ಬಲ್ಲವನಿಗೆ ಈ ವ್ಯತ್ಯಾಸವನ್ನು ಗುರುತಿಸುವುದು ಸುಲಭ ಎಂಬುದೂ ಅಷ್ಟೇ ನಿಜ.

ನೈಸಿಯದ ವಿವಾದದಲ್ಲಿಯೂ ಇಂಥದೇ ಅಪಾಯವಿದೆ. ಮಗನು ಸೃಷ್ಟಿಗೆ ಸೇರಿದವನೆಂದ ಏರಿಯಸ್‌ನ ವಾದವನ್ನು ತಳ್ಳಿಹಾಕಿದ ಸಭೆ, ತಂದೆ ಮತ್ತು ಮಗನದು ಒಂದೇ ಸತ್ತ್ವವೆಂದು ಸಾರಿತು. ಗ್ರೀಕಿನ 'ಹೊಮೊಊಸಿಯೋಸ್' ಎಂದರೆ ಒಂದೇ ಸತ್ತ್ವ; ಒಂದಕ್ಷರ ಹೆಚ್ಚಿರುವ 'ಹೊಮೊಯಿಊಸಿಯೋಸ್' ಎಂದರೆ ಹೋಲುವ ಸತ್ತ್ವ. ಆ ಒಂದಕ್ಷರಕ್ಕಾಗಿ ದಶಕಗಳ ಕಾಲ ವಾಗ್ವಾದ ನಡೆಯಿತು. ಅಥನೇಸಿಯಸ್ ಐದು ಬಾರಿ ಗಡೀಪಾರಾದನು. ಕನ್ನಡದ 'ಸಮಾನ'ವೆಂಬ ಪದ ಈ ಎರಡೂ ಅರ್ಥಗಳಿಗೆ ಎಡೆಗೊಡುತ್ತದೆ. ಆದ್ದರಿಂದ 'ಏಕಸತ್ತ್ವ'ವೆಂದು ಬರೆಯುವುದೇ ಲೇಸು. 'ತ್ರಿಮೂರ್ತಿ'ಯ ಬದಲು 'ತ್ರಿಯೇಕ' ರೂಢಿಗೆ ಬಂದುದಕ್ಕೂ ಕಾರಣ ಬೇರೆಯಲ್ಲ.

ಎಲ್ಲೆಡೆಯೂ ನಾಡಿನ ನುಡಿ ದಾರಿ ತಪ್ಪಿಸುತ್ತದೆಂದು ಭಾವಿಸಬೇಕಾಗಿಲ್ಲ. ಗದಗಿನ ಸಮೀಪದ ಮಲ್ಲಸಮುದ್ರದಲ್ಲಿ ಬಾಸೆಲ್ ಮಿಷನರಿಗಳು 1841ರಲ್ಲಿ ಒಂದು ವಸಾಹತನ್ನು ಸ್ಥಾಪಿಸಿದ್ದು ಕಾಲಜ್ಞಾನದ ಅನುಯಾಯಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ನಿರೀಕ್ಷಿಸಿದಷ್ಟು ಜನ ಅಲ್ಲಿಗೆ ಬರಲಿಲ್ಲ. ಆದರೂ ಬರಲಿರುವವನನ್ನು ಕಾಯುತ್ತ ಬದುಕುವುದೆಂದರೇನು ಎಂಬುದು ಕಾಲಜ್ಞಾನದ ನಾಡಿನಲ್ಲಿ ಹುಟ್ಟಿದವರಿಗೆ ಹೊಸದಲ್ಲ. ಕ್ರಿಸ್ತನು ಬೇಗನೆ ಮರಳುವನೆಂದು ನಂಬಿದ್ದ ಥೆಸಲೋನಿಕದ ಸಭೆಯವರು, ಅಷ್ಟರೊಳಗೆ ತೀರಿಕೊಂಡ ತಮ್ಮವರ ಗತಿಯೇನೆಂದು ಕಳವಳಗೊಂಡಿದ್ದರು. ಅವರಿಗೆ ಪೌಲನು ಪತ್ರ ಬರೆಯಬೇಕಾಗಿ ಬಂದುದರ ಹಿನ್ನೆಲೆಯನ್ನು ಈ ಭಾಗದ ವಿದ್ಯಾರ್ಥಿ ಹೆಚ್ಚಿನ ಟಿಪ್ಪಣಿಯಿಲ್ಲದೆಯೇ ಗ್ರಹಿಸಬಲ್ಲನು.